ಘಾಟಿಗೆ ಎರಡನೇ ಎಂಜಿನ್: ದೊಡ್ಡದೊಂದು ತಗೊಳ್ಳಲಾ, ಜೋಡಿ ಕಟ್ಟಲಾ?

ಕ್ಯಾಸಲ್‌ರಾಕ್_87

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಹಿನ್ನೆಲೆ ಹೇಳದೆ ಕೇಳಿದರೆ ಅರ್ಥ ಆಗುವುದಿಲ್ಲ.

ನಾನು ಹುಬ್ಬಳ್ಳಿಯವನು, ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದೇನೆ. ಮಹಡಿ ಮೇಲಿನ ಕೋಣೆಯಲ್ಲಿ 3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಮೇಜು ಹಾಕಿ ಅದರ ಮೇಲೆ ಮಾಡೆಲ್ ರೈಲಿನ ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, ಗೋವಾಕ್ಕೆ ಇಳಿಯುವ ಕ್ಯಾಸಲ್‌ರಾಕ್–ಕುಳೆಂ ರೈಲು ಘಾಟ್ ಕಟ್ಟುತ್ತಿದ್ದೇನೆ. ಪೂರ್ತಿ ಘಾಟ್ ಅಲ್ಲ. ದೂಧ್‌ಸಾಗರ್ ಸೇತುವೆ, ಅಲ್ಲಿಗೆ ಹತ್ತುವ ಏರು, ಅಷ್ಟೆ. ಹಿಂದುಗಡೆ ಹಳಿ ಗುಡ್ಡದೊಳಗೆ ಮರೆಯಾಗಿ ಇಳಿದು ಮತ್ತೆ ಮುಂದಕ್ಕೆ ಬರುತ್ತದೆ.

ಚಿಕ್ಕವನಿದ್ದಾಗ ಅಪ್ಪನ ಜೊತೆ ಗೋವಾದಿಂದ ವಾಪಸ್ ಬರುವಾಗ ಕಿಟಕಿ ಸರಳಿಗೆ ಮುಖ ಒತ್ತಿಕೊಂಡು ಕೂತಿರುತ್ತಿದ್ದೆ. ತಿರುವಿನಲ್ಲಿ ಗಾಡಿ ಬಾಗಿದಾಗ ಮುಂದಿನ ಎಂಜಿನ್ ಕಾಣುತ್ತಿತ್ತು, ಹಿಂದೆ ನೋಡಿದರೆ ಕೊನೆಯ ಬೋಗಿಗೆ ಬೆನ್ನು ಕೊಟ್ಟು ನೂಕುವ ಬ್ಯಾಂಕರ್ ಎಂಜಿನ್ನೂ ಕಾಣುತ್ತಿತ್ತು. ಎರಡೂ ಒಂದೇ ಸಲ ಹೊಗೆ ಬಿಡುತ್ತಿದ್ದವು. ನನಗೆ ಮೇಜಿನ ಮೇಲೆ ಬೇಕಾಗಿರುವುದು ಆ ಒಂದು ನೋಟ.

ಈಗ ನನ್ನ ಹತ್ತಿರ ಎರಡು ಎಂಜಿನ್ ಇವೆ. ಒಂದು ಡಬ್ಲ್ಯುಡಿಎಂ-2, ನಮ್ಮ ರೈಲ್ವೆಯ ಹಳೆಯ ಡೀಸೆಲ್. ಮೇಲಿನ ಬಾಡಿ 3ಡಿ ಪ್ರಿಂಟ್, ಕೆಳಗಿನ ಚಾಸಿ ಅಮೆರಿಕದ ಆಲ್ಕೊ ಕಂಪನಿಯ ಎಂಜಿನ್ನಿನ ಹಳೆಯ ಮಾಡೆಲಿನದು. ಇನ್ನೊಂದು ಅಕ್ಕ ಅಮೆರಿಕದಿಂದ ತಂದುಕೊಟ್ಟ ನಾಲ್ಕು ಆಕ್ಸಲ್ಲಿನ ಹಳದಿ ಡೀಸೆಲ್, ಅದನ್ನು ಮಾರುವ ಪ್ರಶ್ನೆಯೇ ಇಲ್ಲ. ಎರಡೂ ಮಾಮೂಲಿ ಡಿಸಿ ಮೇಲೆ ಓಡುತ್ತವೆ. ಡಬ್ಲ್ಯುಡಿಎಂ-2 ಸಮತಟ್ಟಿನಲ್ಲಿ ಆರು ಐಸಿಎಫ್ (ಚೆನ್ನೈ ಕಾರ್ಖಾನೆ ಮಾದರಿಯ) ಬೋಗಿ ಆರಾಮಾಗಿ ಎಳೆಯುತ್ತದೆ. ಏರಿನಲ್ಲಿ ನಾಲ್ಕಕ್ಕೇ ಗಾಲಿ ಜಾರುತ್ತದೆ. ಹಳದಿಯದನ್ನು ಹಿಂದೆ ಹಾಕಿ ನೂಕಿಸಿ ನೋಡಿದೆ. ಮಧ್ಯದ ಬೋಗಿ ಹಳಿ ಬಿಟ್ಟು ಎದ್ದು ನಿಂತಿತು.

ಒಂದು ವರ್ಷ ಕೂಡಿಟ್ಟು 40 ಸಾವಿರ ರೂಪಾಯಿ ಆಗಿದೆ. ಇದರಲ್ಲಿ ಶಬ್ದ ಇರುವ, ಪೂರ್ತಿ ತಯಾರಾದ ಡಬ್ಲ್ಯುಡಿಜಿ-4, ಅಂದರೆ ದೊಡ್ಡ ಗೂಡ್ಸ್ ಡೀಸೆಲ್, ಒಂದನ್ನು ತಗೊಳ್ಳಲಾ? ಹುಬ್ಬಳ್ಳಿ ಶೆಡ್ಡಿನ ಎಂಜಿನ್, ಘಾಟಿಗೆ ಸರಿಯಾಗಿ ಒಪ್ಪುತ್ತದೆ. ಅಥವಾ ಇನ್ನೊಂದು ಡಬ್ಲ್ಯುಡಿಎಂ-2 ಕಟ್ಟಿ ಉಳಿದ ದುಡ್ಡಲ್ಲಿ ಡಿಸಿಸಿಗೆ, ಅಂದರೆ ಒಂದೊಂದು ಎಂಜಿನ್ನನ್ನೂ ಬೇರೆಬೇರೆಯಾಗಿ ಓಡಿಸುವ ಡಿಜಿಟಲ್ ನಿಯಂತ್ರಣಕ್ಕೆ, ಹೋಗಲಾ? ಮನಸ್ಸು ಮೊದಲನೆಯದರ ಕಡೆ ಇದೆ, ಬುದ್ಧಿ ಎರಡನೆಯದರ ಕಡೆ. ನೀವು ಏನು ಮಾಡುತ್ತಿದ್ದಿರಿ?

ಹಳಿಮೇಲೆ

ಒಳ್ಳೆಯ ಕನಸು. ಎಂಜಿನ್ ಮಾತಿಗೆ ಆಮೇಲೆ ಬರೋಣ, ಮೊದಲು ಏರು ಎಷ್ಟಿದೆ ಅಂತ ಅಳತೆ ಮಾಡಿದ್ದೀರಾ? ಕಣ್ಣಳತೆ ಅಲ್ಲ, ಟೇಪ್ ಹಿಡಿದು.

ನಿಜವಾದ ಘಾಟಿನಲ್ಲಿ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಶೇಕಡಾ 2.7. ಭಾರತದ ಬ್ರಾಡ್‌ಗೇಜಿನಲ್ಲಿ ಇದು ತುಂಬಾ ಕಡಿದಾದ ಏರು. ಸಕಲೇಶಪುರ–ಸುಬ್ರಹ್ಮಣ್ಯ ಘಾಟ್ ಕೂಡ 50ಕ್ಕೆ 1 ಇರುವುದು. ಹಾಗಾಗಿ ನಿಮ್ಮ ಮೇಜಿನ ಮೇಲೆ ಅದಕ್ಕಿಂತ ಜಾಸ್ತಿ ಏರು ಇದ್ದರೆ ಎಂಥ ಎಂಜಿನ್ ತಂದರೂ ಒದ್ದಾಡುತ್ತದೆ, ಮತ್ತು ನೋಡುವುದಕ್ಕೂ ಘಾಟ್ ಅನ್ನಿಸುವುದಿಲ್ಲ.

ಜೊತೆಗೆ ತಿರುವು. ಏರಿನಲ್ಲಿ ತಿರುವು ಬಂದರೆ ಗಾಲಿಯ ಅಂಚು ಹಳಿಗೆ ಉಜ್ಜಿ ಎಳೆತ ಇನ್ನೂ ಭಾರ ಆಗುತ್ತದೆ. ಹವ್ಯಾಸಿಗಳು ಬಳಸುವ ಒಂದು ಅಂದಾಜು ಲೆಕ್ಕ ಇದೆ. ಎಚ್‌ಒದಲ್ಲಿ ತಿರುವಿನ ತ್ರಿಜ್ಯ ಎಷ್ಟು ಇಂಚೋ ಅದರಿಂದ 32ನ್ನು ಭಾಗಿಸಿ. ಬರುವ ಸಂಖ್ಯೆಯಷ್ಟು ಶೇಕಡಾ ಏರು ಸೇರಿಕೊಂಡಿತು ಅಂತ ತಿಳಿಯಿರಿ. 18 ಇಂಚಿನ ತಿರುವಾದರೆ ಸುಮಾರು 1.8. ಆಗ 2.7ರ ಏರು ಎಂಜಿನ್ನಿಗೆ 4.5ರ ಏರಿನ ಹಾಗೆ. 24 ಇಂಚಿನ ತಿರುವಾದರೆ 1.3 ಮಾತ್ರ ಸೇರುತ್ತದೆ.

ನಿಮ್ಮ ತಿರುವು ಎಷ್ಟು? ಪೆಟ್ಟಿಗೆಯಲ್ಲಿ ಬರುವ ಸಿದ್ಧ ಹಳಿ ಆಗಿದ್ದರೆ 18 ಇಂಚೇ ಇರಬೇಕು. ಐಸಿಎಫ್ ಬೋಗಿ ಬಫರಿನಿಂದ ಬಫರಿಗೆ 22.3 ಮೀಟರ್, 1:87ರಲ್ಲಿ 25.6 ಸೆಂಟಿಮೀಟರ್. ತಿರುವಿನ ತ್ರಿಜ್ಯ ಬೋಗಿಯ ಉದ್ದದ ಎರಡು ಪಟ್ಟಾದರೂ ಇರಬೇಕು, ಎರಡೂವರೆ ಪಟ್ಟು ಇದ್ದರೆ ನೆಮ್ಮದಿ. 18 ಇಂಚು ಅಂದರೆ 45.7 ಸೆಂಟಿಮೀಟರ್, ಎರಡು ಪಟ್ಟೂ ಆಗಲಿಲ್ಲ. ಇಂಥ ತಿರುವಿನಲ್ಲಿ ಹಿಂದಿನಿಂದ ನೂಕಿದರೆ ಮಧ್ಯದ ಬೋಗಿ ಎದ್ದು ನಿಲ್ಲದೆ ಇನ್ನೇನು ಮಾಡುತ್ತದೆ. ಎಳೆಯುವಾಗ ರೈಲು ನೆಟ್ಟಗಾಗಲು ನೋಡುತ್ತದೆ, ನೂಕುವಾಗ ಮಡಚಿಕೊಳ್ಳಲು ನೋಡುತ್ತದೆ.

ನಿಮ್ಮ ಮೇಜು ಒಂದೂವರೆ ಮೀಟರ್ ಅಗಲ ಇದೆಯಲ್ಲ, ಬೇಕಾದ ಹಾಗೆ ಬಾಗುವ ಫ್ಲೆಕ್ಸ್ ಹಳಿ ತಗೊಂಡು 61 ಸೆಂಟಿಮೀಟರ್ ತ್ರಿಜ್ಯಕ್ಕೆ ಬಾಗಿಸಿ. 1.22 ಮೀಟರ್ ಆಯಿತು. ಎರಡೂ ಅಂಚಿಗೆ 14 ಸೆಂಟಿಮೀಟರ್ ಉಳಿಯುತ್ತದೆ. ಎಂಜಿನ್ನಿಗಿಂತ ತುಂಬಾ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ ಇದು. ಮಾಡಿದ ಮೇಲೆ ಈಗಿರುವ ಡಬ್ಲ್ಯುಡಿಎಂ-2ನೇ ಎಷ್ಟು ಚೆನ್ನಾಗಿ ಹತ್ತುತ್ತದೆ ಅಂತ ನೋಡಿ.

ಜೋಡೆತ್ತು

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಹಳಿ ಸರಿ ಮಾಡಿಕೊಂಡಿರಿ ಅಂತಲೇ ಇಟ್ಟುಕೊಂಡು ಎಂಜಿನ್ ಬಗ್ಗೆ ಹೇಳುತ್ತೇನೆ.

ನನ್ನ ಉತ್ತರ ಎರಡನೇ ಡಬ್ಲ್ಯುಡಿಎಂ-2. ಕಾರಣ ದುಡ್ಡಲ್ಲ. ನೀವು ಹೊರಟಿರುವುದು ಒಂದು ಎಂಜಿನ್ ಕೊಳ್ಳುವುದಕ್ಕೆ ಅಲ್ಲ, ಜೋಡಿ ಕಟ್ಟುವುದಕ್ಕೆ. ನಮ್ಮ ಊರಲ್ಲಿ ಎತ್ತು ಕೊಳ್ಳಲು ಹೋದವರು ಮನೆಯಲ್ಲಿರುವ ಎತ್ತಿನ ಎತ್ತರ, ನಡಿಗೆ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಸಂತೆಯಲ್ಲಿ ನೋಡುತ್ತಾರೆ. ಇಲ್ಲದಿದ್ದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುವ ಗಾದೆ ಹಾಗೆ ಆಗುತ್ತದೆ. ನಿಮ್ಮ ಹಳದಿ ಎಂಜಿನ್ ಮಾಡಿದ್ದು ಅದನ್ನೇ. ಅದರ ಗೇರ್ ಬೇರೆ, ಮೋಟರ್ ಬೇರೆ. ಹಳಿಯಲ್ಲಿ ಒಂದೇ ವೋಲ್ಟೇಜ್ ಇದ್ದರೂ ಅದು ಮುಂದಿನದಕ್ಕಿಂತ ಬೇಗ ಓಡಲು ನೋಡಿತು, ಮಧ್ಯದ ಬೋಗಿಗಳು ಸಿಕ್ಕಿಹಾಕಿಕೊಂಡವು.

ಹಾಗಾಗಿ ಈಗಿನ ಡಬ್ಲ್ಯುಡಿಎಂ-2 ಕೆಳಗೆ ಯಾವ ಚಾಸಿ ಇದೆಯೋ ಅದೇ ಚಾಸಿ, ಸಾಧ್ಯವಾದರೆ ಅದೇ ಕಾಲದ ತಯಾರಿಕೆ, ಹುಡುಕಿ. ಆಲ್ಕೊ ಅಂದಿರಿ. ಆರ್‌ಎಸ್‌ಡಿ ಸರಣಿಯದು ಇರಬಹುದು. ಅದು ಒಳ್ಳೆಯ ಆಯ್ಕೆ. ಡಬ್ಲ್ಯುಡಿಎಂ-2 ಅಂದರೆ ಆಲ್ಕೊದ ಡಿಎಲ್560ಸಿ, 16 ಸಿಲಿಂಡರ್, 2600 ಅಶ್ವಶಕ್ತಿ. ಮೊದಲ ಎಂಜಿನ್‌ಗಳು 1962ರಲ್ಲಿ ಅಮೆರಿಕದಿಂದ ಬಂದವು, 1964ರಿಂದ ವಾರಾಣಸಿಯಲ್ಲಿ ತಯಾರಾದವು. ಅದರ ಕೆಳಗಿರುವುದು ಆಲ್ಕೊದ ಟ್ರೈಮೌಂಟ್ ಟ್ರಕ್, ಅಂದರೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಮೂರು ಆಕ್ಸಲ್‌ಗಳ ನಡುವಿನ ಅಂತರ ಸಮ ಇಲ್ಲ, ಎರಡು ಹತ್ತಿರ, ಒಂದು ದೂರ. ತುಂಬಾ ಜನ ಇದನ್ನು ಗಮನಿಸದೆ ಸಮ ಅಂತರದ ಚಾಸಿ ಹಾಕಿಬಿಡುತ್ತಾರೆ, ಬಾಡಿ ಎಷ್ಟೇ ಚೆನ್ನಾಗಿದ್ದರೂ ಪಕ್ಕದಿಂದ ನೋಡಿದಾಗ ಏನೋ ಸರಿ ಇಲ್ಲ ಅನ್ನಿಸುತ್ತದೆ. ಉದ್ದವನ್ನೂ ನೋಡಿ. ಬಫರಿನಿಂದ ಬಫರಿಗೆ 17.12 ಮೀಟರ್, ನಮ್ಮ ಅಳತೆಯಲ್ಲಿ 19.7 ಸೆಂಟಿಮೀಟರ್.

ಗೇಜ್ ಬಗ್ಗೆ ಯಾರಾದರೂ ಖಂಡಿತ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, 87ರಿಂದ ಭಾಗಿಸಿದರೆ 19.3. ಎಚ್‌ಒ ಹಳಿ 16.5. ಹಾಗಾಗಿ ಎಂಜಿನ್ ಸ್ವಲ್ಪ ಸಣ್ಣ ಕಾಲಿನ ಮೇಲೆ ನಿಂತ ಹಾಗೆ ಕಾಣುತ್ತದೆ. ನನಗೆ ಇದು ಬೇಸರವೇ. ಆದರೆ 19.3ಕ್ಕೆ ಹಳಿ, ಪಾಯಿಂಟು, ಗಾಲಿ ಎಲ್ಲವನ್ನೂ ಕೈಯಲ್ಲೇ ಮಾಡಬೇಕು. ಅಷ್ಟು ವರ್ಷ ಅದಕ್ಕೇ ಕೊಟ್ಟರೆ ರೈಲು ಓಡುವುದು ಯಾವಾಗ? 16.5ರಲ್ಲೇ ಇರಿ.

ಹಳೆಯ ಚಾಸಿ ಕೊಳ್ಳುವಾಗ ಎರಡು ವಿಷಯ ಮರೆಯಬೇಡಿ. ಓಡಿಸಿದಾಗ ಟಕ್ ಟಕ್ ಅಂತ ಒಂದೇ ಲಯದಲ್ಲಿ ಶಬ್ದ ಬಂದರೆ ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ಬಿರುಕು ಬಿಟ್ಟಿದೆ ಅಂತ ಅರ್ಥ. ಇದು ಹೆದರುವಂಥದ್ದಲ್ಲ, ಬದಲಿ ಗೇರ್ ಸಿಗುತ್ತದೆ. ಆದರೆ ಒಳಗಿನ ಲೋಹದ ಎರಕ ಉಬ್ಬಿದ್ದರೆ, ಗೀರುಗೀರಾಗಿ ಒಡೆದಿದ್ದರೆ, ಬಿಟ್ಟು ಬನ್ನಿ. ಸತುವಿನ ಎರಕದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ವರ್ಷಗಳ ಮೇಲೆ ಅದು ತಾನಾಗಿಯೇ ಪುಡಿ ಆಗುತ್ತಾ ಹೋಗುತ್ತದೆ. ಅದಕ್ಕೆ ಮದ್ದಿಲ್ಲ.

ಕುಡ್ಲ_ಲೋಕೊ

ಡಿಸಿಸಿ ಬಗ್ಗೆ ನನ್ನ ಅನುಭವ ಹೇಳುತ್ತೇನೆ, ಯಾಕೆಂದರೆ ಬ್ಯಾಂಕರ್ ಓಡಿಸಲು ಡಿಸಿಸಿ ಇಲ್ಲದೆ ತೃಪ್ತಿ ಸಿಗುವುದಿಲ್ಲ. ಡಿಸಿಯಲ್ಲಿ ಹಳಿಗೆ ಕರೆಂಟ್ ಕೊಟ್ಟರೆ ಮೇಲಿರುವ ಎಲ್ಲ ಎಂಜಿನ್ ಹೊರಡುತ್ತವೆ. ಕುಳೆಂನಲ್ಲಿ ಗಾಡಿ ನಿಲ್ಲಬೇಕು, ಬ್ಯಾಂಕರ್ ಶೆಡ್ಡಿನಿಂದ ಮೆಲ್ಲಗೆ ಬಂದು ಹಿಂದೆ ಅಂಟಿಕೊಳ್ಳಬೇಕು, ಆಮೇಲೆ ಎರಡೂ ಸೇರಿ ಹೊರಡಬೇಕು. ಮೇಲೆ ಹೋದ ಮೇಲೆ ಅದು ಕಳಚಿಕೊಂಡು ಒಂದೇ ಇಳಿಯಬೇಕು. ಈ ಆಟವೆಲ್ಲ ಡಿಸಿಸಿಯಲ್ಲಿ ಸಲೀಸು, ಯಾಕೆಂದರೆ ಪ್ರತಿ ಎಂಜಿನ್ನಿಗೂ ಬೇರೆ ವಿಳಾಸ.

ದುಡ್ಡು ಉಳಿಸಬೇಕು ಅಂದರೆ ಡಿಸಿಸಿ-ಇಎಕ್ಸ್ ನೋಡಿ. ಆರ್ಡುಯಿನೊ ಮೆಗಾ ಅನ್ನುವ ಸಣ್ಣ ಕಂಟ್ರೋಲರ್ ಬೋರ್ಡ್, ಅದರ ಮೇಲೆ ಒಂದು ಮೋಟರ್ ಶೀಲ್ಡ್, ಒಂದು ಒಳ್ಳೆಯ ಅಡಾಪ್ಟರ್. ಸಾಫ್ಟ್‌ವೇರ್ ಉಚಿತ. ನೀವು ಬೆಂಗಳೂರಿನಲ್ಲೇ ಇದ್ದೀರಿ, ಎಸ್‌ಪಿ ರೋಡಿಗೆ ಒಂದು ಸಲ ಹೋದರೆ ಎಲ್ಲ ಸಿಗುತ್ತದೆ. ಮೊಬೈಲಿನಿಂದಲೇ ಓಡಿಸಬಹುದು, ವೈಫೈ ಬೋರ್ಡ್ ಒಂದು ಸೇರಿಸಬೇಕು. ನಾನು ಮೂರು ಎಂಜಿನ್ ಹೀಗೇ ಓಡಿಸುತ್ತಿದ್ದೇನೆ.

ಆದರೆ ಒಂದು ಎಚ್ಚರಿಕೆ, ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಹಳೆಯ ಡಿಸಿ ಎಂಜಿನ್‌ಗಳಲ್ಲಿ ಮೋಟರಿನ ಒಂದು ಬ್ರಷ್ ಲೋಹದ ಚಾಸಿಗೆ ತಾಗಿರುತ್ತದೆ, ಚಾಸಿಯೇ ತಂತಿಯ ಕೆಲಸ ಮಾಡುತ್ತದೆ. ಡಿಸಿಸಿ ಡಿಕೋಡರ್, ಅಂದರೆ ಆದೇಶ ಕೇಳಿ ಮೋಟರ್ ಓಡಿಸುವ ಸಣ್ಣ ಬೋರ್ಡ್, ಹಾಕುವ ಮೊದಲು ಮೋಟರ್ ಪೂರ್ತಿ ಬೇರೆ ಆಗಿರಬೇಕು, ಅಂದರೆ ಮೋಟರಿನ ಎರಡು ತುದಿಗೂ ಚಾಸಿಗೂ, ಹಳಿಯಿಂದ ಬರುವ ಗಾಲಿಗೂ ಯಾವ ಸಂಪರ್ಕವೂ ಇರಬಾರದು. ಮಲ್ಟಿಮೀಟರ್ ಹಿಡಿದು ಬೀಪ್ ಬರುತ್ತದಾ ನೋಡಿ. ನಾನು ಒಂದು ಎಂಜಿನ್ನಿನಲ್ಲಿ ಟೇಪ್ ಸುತ್ತಿದ್ದೆ, ಸಾಕು ಅಂದುಕೊಂಡೆ. ಬಾಡಿ ಹಾಕಿ ಸ್ಕ್ರೂ ಬಿಗಿ ಮಾಡಿದಾಗ ಟೇಪ್ ಹರಿದಿತ್ತು. ಹಳಿ ಮೇಲೆ ಇಟ್ಟ ಒಂದೇ ಕ್ಷಣಕ್ಕೆ ಹೊಗೆ ಬಂತು. ಶಬ್ದದ ಡಿಕೋಡರ್ ಅದು, ಎರಡು ತಿಂಗಳು ಕಾದು ತರಿಸಿದ್ದು. ಆ ವಾಸನೆ ಇನ್ನೂ ಮರೆತಿಲ್ಲ. ಅಂದಿನಿಂದ ಬಾಡಿ ಹಾಕಿದ ಮೇಲೂ ಇನ್ನೊಂದು ಸಲ ಮೀಟರ್ ಹಿಡಿಯುತ್ತೇನೆ.

ಇನ್ನೊಂದು ಪರೀಕ್ಷೆ. 12 ವೋಲ್ಟ್ ಡಿಸಿ ಕೊಟ್ಟು, ಒಂದೇ ಕ್ಷಣ ಮೋಟರನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿ ಎಷ್ಟು ಆಂಪಿಯರ್ ಎಳೆಯುತ್ತದೆ ನೋಡಿ. ಡಿಕೋಡರಿನ ಮಿತಿ 1 ಆಂಪಿಯರ್ ಆಗಿದ್ದು ಮೋಟರ್ 1.3 ಎಳೆದರೆ, ಏರಿನಲ್ಲಿ ಸಿಕ್ಕಿಕೊಂಡ ದಿನ ಡಿಕೋಡರ್ ಹೋಗುತ್ತದೆ. ಮೋಟರ್ ಬದಲಿಸಿ, ಇಲ್ಲವೇ ದೊಡ್ಡ ಡಿಕೋಡರ್ ಹಾಕಿ.

ಜೋಡಿ ಹೊಂದಿಸುವುದು ಹೀಗೆ. ಹಳಿ ಮೇಲೆ 1 ಮೀಟರ್ ಗುರುತು ಹಾಕಿ, ಸ್ಟಾಪ್‌ವಾಚ್ ಹಿಡಿಯಿರಿ. ನಮ್ಮ ಅಳತೆಯಲ್ಲಿ 1 ಮೀಟರ್ ಅಂದರೆ 87 ಮೀಟರ್. ಗಂಟೆಗೆ 30 ಕಿಲೋಮೀಟರ್ ವೇಗ ಬೇಕಾದರೆ ಆ 1 ಮೀಟರನ್ನು 10.4 ಸೆಕೆಂಡಿನಲ್ಲಿ ದಾಟಬೇಕು. ಯಾವ ಎಂಜಿನ್ ನಿಧಾನವೋ ಅದನ್ನು ಮುಟ್ಟಬೇಡಿ. ಬೇಗ ಓಡುವುದನ್ನು ಅದಕ್ಕೆ ಹೊಂದಿಸಿ. ಇದಕ್ಕೆ ಡಿಕೋಡರಿನಲ್ಲಿ ಸಿವಿ ಅನ್ನುವ ಸೆಟ್ಟಿಂಗ್‌ಗಳಿವೆ: ಸಿವಿ 2 ಹೊರಡುವ ವೋಲ್ಟೇಜ್, ಸಿವಿ 6 ಮಧ್ಯದ ವೇಗ, ಸಿವಿ 5 ಗರಿಷ್ಠ ವೇಗ. ಸಿವಿ 3 ಮತ್ತು 4, ಅಂದರೆ ವೇಗ ಏರುವ ಇಳಿಯುವ ನಿಧಾನ, ಎರಡರಲ್ಲೂ ಒಂದೇ ಇರಲಿ. ಎರಡು ಎಂಜಿನನ್ನು ಒಂದು ಗೇಣು ಅಂತರದಲ್ಲಿ ಕೊಂಡಿ ಹಾಕದೆ ಓಡಿಸಿ, ಒಂದು ಸುತ್ತು ಬಂದ ಮೇಲೂ ಅಂತರ ಅಷ್ಟೇ ಇದ್ದರೆ ಕೆಲಸ ಆಯಿತು. ನನಗೆ ಇದಕ್ಕೆ ಮೂರು ಸಂಜೆ ಬೇಕಾಯಿತು. ಆ ಮೂರು ಸಂಜೆ ನನಗೆ ತುಂಬಾ ಇಷ್ಟ ಆದವು.

ನಾನು ಮಂಗಳೂರಿನವನು, ಇಲ್ಲಿ ಮಳೆಗಾಲದಲ್ಲಿ ಉಕ್ಕಿನ ಹಳಿ ಒಂದೇ ವಾರಕ್ಕೆ ತುಕ್ಕು. ಹೊಸ ಹಳಿ ತಗೊಳ್ಳುವುದಾದರೆ ನಿಕಲ್ ಸಿಲ್ವರೇ ತಗೊಳ್ಳಿ.

ಕ್ಯಾಸಲ್‌ರಾಕ್_87

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ನಿನ್ನೆ ರಾತ್ರಿ ಟೇಪ್ ಹಿಡಿದು ಕೂತೆ.

ತಿರುವು 18 ಇಂಚೇ. ಏರು ಶುರುವಾಗುವ ಜಾಗದಿಂದ ಸೇತುವೆಯವರೆಗೆ ಹಳಿಯ ಉದ್ದ 2.6 ಮೀಟರ್, ಎತ್ತರ 9 ಸೆಂಟಿಮೀಟರ್. ಲೆಕ್ಕ ಹಾಕಿದರೆ 29ಕ್ಕೆ 1! ನಿಜವಾದ ಘಾಟಿಗಿಂತ ಕಡಿದಾಗಿ ಕಟ್ಟಿದ್ದೇನೆ. ತಿರುವು ಸೇರಿಸಿದರೆ ಶೇಕಡಾ 5 ದಾಟುತ್ತದೆ. ಪಾಪ ಆ ಎಂಜಿನ್ನಿಗೆ ನಾನು ಆರು ತಿಂಗಳು ಬೈದಿದ್ದೇನೆ.

ಬೋಗಿಗಳ ಬಗ್ಗೆಯೂ ಒಂದು ಅನುಮಾನ. ನನ್ನವು ತುಂಬಾ ಹಗುರ, ಒಂದೊಂದು 95 ಗ್ರಾಂ. ಹಗುರ ಇದ್ದರೆ ಎಳೆಯುವುದು ಸುಲಭ ಅಂತ ಹಾಗೇ ಬಿಟ್ಟಿದ್ದೆ. ಇದೂ ತಪ್ಪಾ?

ಮತ್ತೆ ಡಬ್ಲ್ಯುಡಿಜಿ-4 ಆಸೆ ಇನ್ನೂ ಹೋಗಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ.

ಹಳಿಮೇಲೆ

ಹೌದು, ನೂಕುವ ಗಾಡಿಗೆ ಅದು ತಪ್ಪು. ಅಮೆರಿಕದ ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಒಂದು ಲೆಕ್ಕ ಕೊಟ್ಟಿದೆ. ಎಚ್‌ಒದಲ್ಲಿ ಪ್ರತಿ ಬೋಗಿಗೆ 1 ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಿಮ್ಮ ಐಸಿಎಫ್ 10 ಇಂಚು, ಅಂದರೆ 6 ಔನ್ಸ್, 170 ಗ್ರಾಂ. 75 ಗ್ರಾಂ ಕಡಿಮೆ ಇದೆ. ನೆಲಕ್ಕೆ ಹತ್ತಿರ, ಎರಡು ಟ್ರಕ್‌ಗಳ ಮೇಲೆ ಸಮವಾಗಿ ಭಾರ ಅಂಟಿಸಿ. ಕಾರಿನ ಚಕ್ರಕ್ಕೆ ಹಚ್ಚುವ ಅಂಟು ತೂಕದ ಪಟ್ಟಿ ಟೈರ್ ಅಂಗಡಿಯಲ್ಲಿ ಸಿಗುತ್ತದೆ, ಅದೇ ಸಾಕು.

ಆರು ಬೋಗಿ ಸೇರಿ 1 ಕಿಲೋ ಆಗುತ್ತದೆ, ಏರಿನಲ್ಲಿ ಒಂದೇ ಎಂಜಿನ್ನಿಗೆ ಕಷ್ಟ. ಆದರೆ ಅದೇ ಅಲ್ಲವೇ ನಿಮಗೆ ಬೇಕಾಗಿರುವುದು? ಬ್ಯಾಂಕರ್ ಸುಮ್ನೆ ಅಲಂಕಾರಕ್ಕೆ ನಿಲ್ಲಬಾರದು, ಅದಿಲ್ಲದೆ ಗಾಡಿ ಹತ್ತಲೇಬಾರದು. ಘಾಟಿನಲ್ಲಿ ಇರುವುದೂ ಹಾಗೇ.

ಕೊಂಡಿಯನ್ನೂ ನೋಡಿ. ಟ್ರಕ್ಕಿಗೆ ಜೋಡಿಸಿದ ಕೊಂಡಿ ನೂಕುವಾಗ ಟ್ರಕ್ಕನ್ನೇ ತಿರುಗಿಸುತ್ತದೆ, ಗಾಲಿ ಹಳಿ ಹತ್ತುತ್ತದೆ. ಬೋಗಿಯ ನೆಲಕ್ಕೆ ಜೋಡಿಸಿ. ನಾನು ಕೇಡಿ (Kadee) ಕಂಪನಿಯ ನಂಬರ್ 5 ಕೊಂಡಿ ಹಾಕುತ್ತೇನೆ.

ಮೀಟರ್‌ಗೇಜ್_ನೆನಪು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ.

ನೀವೆಲ್ಲ ಹೇಳಿದ ಲೆಕ್ಕ ಸರಿ ಇದೆ. ಆದರೆ ಭಾರತದ ಎಂಜಿನ್ ಮಾಡೆಲ್‌ಗಳು ಹೊರದೇಶದವರ ಹಾಗೆ ವರ್ಷವಿಡೀ ಅಂಗಡಿಯಲ್ಲಿ ಕೂತಿರುವುದಿಲ್ಲ. ಸಣ್ಣ ಸಂಖ್ಯೆಯಲ್ಲಿ ಮಾಡುತ್ತಾರೆ, ಮುಂಗಡ ಕೊಟ್ಟವರಿಗೆ ಹೋಗುತ್ತವೆ, ಮುಗಿದರೆ ಮುಗಿಯಿತು. ನಾನು ಒಂದು ವೈಡಿಎಂ-4, ಅಂದರೆ ಮೀಟರ್‌ಗೇಜ್ ಡೀಸೆಲ್ಲಿನ ಮಾಡೆಲ್ ಅನ್ನು ಹೀಗೇ ಕಳೆದುಕೊಂಡೆ. ಮೊದಲು ಹಳಿ ಆಗಲಿ, ಗುಡ್ಡ ಆಗಲಿ ಅಂತ ಎರಡು ವರ್ಷ ಮುಂದೂಡಿದೆ. ಕೊನೆಗೆ ಕೇಳಿದಾಗ ಇಲ್ಲ ಅಂದರು. ಇವತ್ತಿಗೂ ಸಿಕ್ಕಿಲ್ಲ. ನಾನು ಬೆಳೆದದ್ದು ಅರಸೀಕೆರೆ ಹತ್ತಿರ, ಮೀಟರ್‌ಗೇಜ್ ಕಾಲ. ಆ ಎಂಜಿನ್ ನನಗೆ ಬರೀ ಮಾಡೆಲ್ ಅಲ್ಲ. 90ರ ದಶಕದಲ್ಲಿ ಗೇಜ್ ಬದಲಾದಾಗ ಒಂದೊಂದೇ ಮಾರ್ಗ ಮುಚ್ಚಿ ತೆರೆಯಿತು, ತೆರೆದಾಗ ಆ ಎಂಜಿನ್‌ಗಳು ಇರಲಿಲ್ಲ.

ನಿಮ್ಮ ಘಾಟಿನಲ್ಲೂ ಮೊದಲು ಇದ್ದದ್ದು ಮೀಟರ್‌ಗೇಜೇ. ಡಬ್ಲ್ಯುಡಿಎಂ-2 ಅಲ್ಲಿಗೆ ಬಂದದ್ದು ಗೇಜ್ ಬದಲಾದ ಮೇಲೆ. ಡಬ್ಲ್ಯುಡಿಜಿ-4 ಅಮೆರಿಕದಿಂದ ಮೊದಲು ಬಂದದ್ದು 1999ರಲ್ಲಿ, 4000 ಅಶ್ವಶಕ್ತಿ. ಅಂದರೆ ನಿಮಗೆ ಎರಡೂ ಒಟ್ಟಿಗೆ ಇರಬಹುದಾದ ಕಾಲವೂ ಸಿಗುತ್ತದೆ. ಡಬ್ಲ್ಯುಡಿಜಿ-4 ಮಾಡೆಲ್ ಈಗ ಕೊಳ್ಳಲು ಸಿಗುತ್ತಿದೆ ಅಂದರೆ ತಗೊಳ್ಳಿ. ಪೆಟ್ಟಿಗೆಯಲ್ಲೇ ಇರಲಿ. ಹಳಿ ನಿಧಾನವಾಗಿ ಆಗುತ್ತದೆ, ಹಳಿ ಎಲ್ಲಿಗೂ ಓಡಿಹೋಗುವುದಿಲ್ಲ.

ಜೋಡೆತ್ತು

ವೈಡಿಎಂ-4 ವಿಷಯ ಓದಿ ನಿಜಕ್ಕೂ ಬೇಜಾರಾಯಿತು. ನೀವು ಹೇಳಿದ್ದರಲ್ಲಿ ಸತ್ಯ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ.

ಆದರೂ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಅವರು ಕೇಳಿದ್ದು ಒಂದು ನೋಟಕ್ಕಾಗಿ. ಮುಂದೊಂದು, ಹಿಂದೊಂದು, ಎರಡೂ ಒಟ್ಟಿಗೆ ದುಡಿಯುವುದು. ಡಬ್ಲ್ಯುಡಿಜಿ-4 ಬಂದರೆ ಅದು ಒಂಟಿ. ಡಬ್ಲ್ಯುಡಿಎಂ-2ಕ್ಕಿಂತ ಉದ್ದ, ಹೊಸ ಮೋಟರ್, ಬೇರೆ ಗೇರ್, ಒಳಗೆ ಡಿಕೋಡರ್. ಹಳೆಯ ಡಿಸಿ ಎಂಜಿನ್ ಜೊತೆ ಅದನ್ನು ಕಟ್ಟಲು ಆಗುವುದಿಲ್ಲ, ಹಾಗಾಗಿ ಡಿಸಿಸಿ ಖರ್ಚು ಹೇಗೂ ತಪ್ಪದು. 40 ಸಾವಿರ ಒಂದರಲ್ಲೇ ಮುಗಿದರೆ ಅದಕ್ಕೆ ದುಡ್ಡೆಲ್ಲಿ? ಮತ್ತೆ ಒಂದು ವರ್ಷ ಕೂಡಿಡಬೇಕು. ಹಳಿ ಎಲ್ಲಿಗೂ ಓಡಿಹೋಗುವುದಿಲ್ಲ ನಿಜ, ಆದರೆ ಓಡದ ರೈಲಿನ ಮುಂದೆ ವರ್ಷಗಟ್ಟಲೆ ಕೂತರೆ ಆಸಕ್ತಿ ಓಡಿಹೋಗುತ್ತದೆ. ನನ್ನ ಇಬ್ಬರು ಗೆಳೆಯರು ಹೀಗೇ ಎಲ್ಲ ಮಾರಿಬಿಟ್ಟರು.

ಹೊರಗಿನಿಂದ ತರಿಸುವುದಾದರೆ ಪಟ್ಟಿಯಲ್ಲಿರುವ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರಿನವರ ಶುಲ್ಕ ಎಲ್ಲ ಸೇರಿ ಬಾಗಿಲಿಗೆ ಬಂದಾಗ ಎಷ್ಟು ಅಂತ ನೋಡಿ. ಡಿಕೋಡರಿನಂಥ ಸಣ್ಣ ವಸ್ತುಗಳನ್ನು ಒಂದೊಂದಾಗಿ ತರಿಸುವುದಕ್ಕಿಂತ ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿ.

ಮೆಲ್ಬರ್ನ್_ಮಲ್ನಾಡ್

ದೂರದಿಂದ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಕೂತು ನಮ್ಮ ಆಲ್ಕೊಗಳ ನೆಂಟರನ್ನು ದಿನಾ ನೋಡುತ್ತಿರುತ್ತೇನೆ. ಇಲ್ಲಿಯ ನ್ಯೂ ಸೌತ್ ವೇಲ್ಸ್ ರೈಲ್ವೇಯ 44 ಕ್ಲಾಸ್ ಅನ್ನುವುದು ಆಲ್ಕೊದ ವರ್ಲ್ಡ್ ಸೀರೀಸ್, ಡಿಎಲ್500ಬಿ. ನಮ್ಮಲ್ಲಿ 1950ರ ದಶಕದ ಕೊನೆಗೆ ಬಂದ ಡಬ್ಲ್ಯುಡಿಎಂ-1 ಅದೇ ಕುಟುಂಬದ್ದು, ಡಿಎಲ್500ಸಿ. ದುಂಡು ಮೂತಿ ನೋಡಿದರೆ ಗುರುತು ಸಿಗುತ್ತದೆ. 44 ಕ್ಲಾಸಿನ ಎಚ್‌ಒ ಮಾಡೆಲ್ ಇಲ್ಲಿ ಹಳೆಯದು ಆಗಾಗ ಮಾರಾಟಕ್ಕೆ ಬರುತ್ತದೆ. ಡಬ್ಲ್ಯುಡಿಎಂ-1 ಮಾಡುವ ಆಸೆ ಯಾರಿಗಾದರೂ ಇದ್ದರೆ ಒಳ್ಳೆಯ ಆರಂಭ, ಆದರೆ 44ಕ್ಕೆ ಎರಡೂ ಕಡೆ ಚಾಲಕನ ಕೋಣೆ ಇದೆ, ಒಂದು ಕಡೆ ಕತ್ತರಿಸಿ ಬದಲಿಸಬೇಕು. ಘಾಟಿನವರಿಗೆ ಇದು ಬೇಡ, ಸುಮ್ನೆ ಹೇಳಿದೆ.

ಅವರಿಗೆ ಬೇಕಾದ ಮಾತು ಬೇರೆ ಇದೆ. ಅಮೆರಿಕದಿಂದ ಬಂದ ಸೆಟ್ಟಿನ ಪವರ್ ಪ್ಯಾಕನ್ನು ನೇರ ನಮ್ಮ ಪ್ಲಗ್ಗಿಗೆ ಹಾಕಬೇಡಿ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಶಿವಮೊಗ್ಗದಲ್ಲಿ ನನ್ನ ತಮ್ಮನಿಗೆ ಕೊಟ್ಟಿದ್ದ ಸೆಟ್ ಹೀಗೇ ಸುಟ್ಟುಹೋಯಿತು, ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ಹಾಕಿದ್ದೇವಲ್ಲ ಅಂದುಕೊಂಡಿದ್ದೆವು. ಅದು ಆಕಾರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಪ್ಯಾಕ್ ಹಿಂದೆ 100ರಿಂದ 240 ಅಂತ ಬರೆದಿದ್ದರೆ ಮಾತ್ರ ಧೈರ್ಯವಾಗಿ ಹಾಕಿ.

ಕ್ಯಾಸಲ್‌ರಾಕ್_87

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಮೊದಲು ಸೇತುವೆಯನ್ನು 2 ಸೆಂಟಿಮೀಟರ್ ಕೆಳಗಿಳಿಸಿದೆ. ಮಾಡಿದ್ದು ಇಷ್ಟೇ. 2.6 ಮೀಟರಿಗೆ 7 ಸೆಂಟಿಮೀಟರ್, ಸರಿಯಾಗಿ 37ಕ್ಕೆ 1! ಲೆಕ್ಕ ಹಾಕಿ ನೋಡಿದಾಗ ಆದ ಖುಷಿ ಹೇಳಲಾರೆ. ಹೆಂಡತಿಯನ್ನು ಕರೆದು ತೋರಿಸಿದೆ. ಜಲಪಾತ ಕುಳ್ಳಗಾಯಿತಲ್ಲ ಅಂದಳು. ಅದಕ್ಕೆ ಹಿಂದಿನ ಬಂಡೆಯನ್ನು ಎತ್ತರಿಸುತ್ತಿದ್ದೇನೆ.

ಫ್ಲೆಕ್ಸ್ ಹಳಿ ತಂದು ಸೇತುವೆ ಕಡೆಯ ತಿರುವನ್ನು 61 ಸೆಂಟಿಮೀಟರಿಗೆ ಬದಲಿಸಿದೆ, ಇನ್ನೊಂದು ತಿರುವು ಮುಂದಿನ ವಾರ. ಅಷ್ಟಕ್ಕೇ ಒಂಟಿ ಡಬ್ಲ್ಯುಡಿಎಂ-2 ಐದು ಹಗುರ ಬೋಗಿ ಎಳೆದುಕೊಂಡು ಹತ್ತಿತು. ಆಮೇಲೆ ಬೋಗಿಗಳಿಗೆ ತೂಕ ಹಾಕಿದೆ, ಮೂರು ಬೋಗಿಗೆ ಸುಸ್ತಾಯಿತು. ಈಗ ಅದಕ್ಕೆ ನಿಜವಾಗಿಯೂ ಜೊತೆ ಬೇಕು.

ಅದೇ ಚಾಸಿ ಒಂದು ಸಿಕ್ಕಿದೆ. ಕೊಯಮತ್ತೂರಿನ ಒಬ್ಬ ಹವ್ಯಾಸಿಯ ಹತ್ತಿರ ಇತ್ತು, ಓಡಿಸಿ ವಿಡಿಯೊ ಕಳಿಸಿದರು, ಟಕ್ ಟಕ್ ಶಬ್ದ ಇಲ್ಲ. ಬಾಡಿ ಪ್ರಿಂಟಿಗೆ ಕೊಟ್ಟಿದ್ದೇನೆ. ಈ ಸಲ ಜಂಬೊ ಮಾಡಿಸುತ್ತಿದ್ದೇನೆ, ಮುಂದಿನ ಮೂತಿ ತಗ್ಗಾಗಿ, ಗಾಜು ದೊಡ್ಡದಾಗಿ ಇರುತ್ತದಲ್ಲ, ಅದು. ಚಾಸಿ ಜೋಡಿ, ಮುಖ ಬೇರೆ. ಎರಡು ಡಿಕೋಡರ್ ಹೇಳಿದ್ದೇನೆ, ಶಬ್ದ ಇರುವುದು ಒಂದೇ, ಅದು ಬ್ಯಾಂಕರಿಗೆ. ಶನಿವಾರ ಎಸ್‌ಪಿ ರೋಡಿಗೆ ಹೋಗಿ ಆರ್ಡುಯಿನೊ ತಂದೆ.

ಎಲ್ಲ ಸೇರಿ 26 ಸಾವಿರದ ಒಳಗೆ ಮುಗಿಯುತ್ತದೆ. ಉಳಿದ 14 ಸಾವಿರವನ್ನು ಡಬ್ಲ್ಯುಡಿಜಿ-4 ಮುಂಗಡಕ್ಕೆ ಕೊಡುತ್ತಿದ್ದೇನೆ. ಮೀಟರ್‌ಗೇಜ್_ನೆನಪು ಅವರೇ, ಆ ವೈಡಿಎಂ-4 ಕಥೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಚಾಸಿ ಕೊಟ್ಟ ಹವ್ಯಾಸಿಯನ್ನು ನಿಮಗಾಗಿ ಕೇಳಿದೆ. ಅವರ ಗೆಳೆಯರೊಬ್ಬರ ಹತ್ತಿರ ಒಂದು ವೈಡಿಎಂ-4 ಬಾಡಿ ಇದೆಯಂತೆ, ಬಣ್ಣ ಹಚ್ಚಿಲ್ಲ, ಒಳಗೆ ಮೋಟರ್ ಇಲ್ಲ. ಬೇಕಾದರೆ ಹೇಳಿ, ನಾನು ಮಾತಾಡುತ್ತೇನೆ.

ಮೀಟರ್‌ಗೇಜ್_ನೆನಪು

ಬೇಕು. ಮೋಟರ್ ಇಲ್ಲದಿದ್ದರೂ ಬೇಕು. ಇವತ್ತೇ ಸಂದೇಶ ಕಳಿಸುತ್ತೇನೆ.